ನಮ್ಮ ಕ್ಯಾಂಪಸ್ಸಿನ ಸಂಶೋಧನಾ ವಿದ್ಯಾರ್ಥಿಗಳ ಕೇಂದ್ರ: ಬರವಣಿಗೆ ಕೂಟಕ್ಕಾದರೂ ಹೋಗಿ

ಗ್ರಂಥಾಲಯದ ಎರಡನೇ ಮಹಡಿಯಲ್ಲಿ, ಹಳೆಯ ನಿಯತಕಾಲಿಕೆಗಳ ಕಪಾಟು ದಾಟಿದರೆ ಸಂಶೋಧನಾ ವಿದ್ಯಾರ್ಥಿಗಳ ಕೇಂದ್ರ ಸಿಗುತ್ತದೆ. ವಾರಕ್ಕೊಮ್ಮೆ ಸೇರುವ ಬರವಣಿಗೆ ಕೂಟ, ಹಿರಿಯ ಸಂಶೋಧಕರೊಬ್ಬರನ್ನು ಜೊತೆಮಾಡಿಕೊಡುವ ವ್ಯವಸ್ಥೆ, ಆಪ್ತಸಮಾಲೋಚನೆ ಎಂದು ಅಲ್ಲಿ ಮೂರು ಸೇವೆಗಳಿವೆ. ಮೂರನ್ನೂ ಬಳಸಿದ್ದೇನೆ. ನನ್ನದು ಮಣ್ಣಿನ ಬ್ಯಾಕ್ಟೀರಿಯಾಗಳ ಮೇಲಿನ ಪಿಎಚ್.ಡಿ.; ಈಗ ಮಹಾಪ್ರಬಂಧದ ಅಧ್ಯಾಯಗಳನ್ನು ಬರೆಯುತ್ತಿದ್ದೇನೆ.

ಕೋರ್ಸ್‌ವರ್ಕ್ ಮುಗಿಯುವವರೆಗೆ ಸಂಶೋಧನಾ ವಿದ್ಯಾರ್ಥಿಗೂ ಒಂದು ತರಗತಿ, ಒಂದಷ್ಟು ಸಹಪಾಠಿಗಳು ಇರುತ್ತಾರೆ. ಆಮೇಲೆ ಒಬ್ಬೊಬ್ಬರದು ಒಂದೊಂದು ದಾರಿ. ಎಂ.ಎಸ್ಸಿ. ಗೆಳತಿಯರು ಕೆಲಸಕ್ಕೆ ಸೇರಿ ಹೋಗಿರುತ್ತಾರೆ, ಮನೆಯವರು "ಇನ್ನೂ ಎಷ್ಟು ವರ್ಷ?" ಎಂದು ಕೇಳತೊಡಗಿರುತ್ತಾರೆ, ಗೈಡ್ ಕೇಳುವುದು ದತ್ತಾಂಶವನ್ನು. ಕೇಂದ್ರದ ಸೂಚನಾ ಫಲಕದಲ್ಲಿ 2018ರಲ್ಲಿ 'ನೇಚರ್ ಬಯೋಟೆಕ್ನಾಲಜಿ' ಪತ್ರಿಕೆಯಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಸಾರಾಂಶವನ್ನು ಅಂಟಿಸಿದ್ದಾರೆ. 26 ದೇಶಗಳ 2,279 ಮಂದಿ ಉತ್ತರಿಸಿದ್ದ, ಬಹುಪಾಲು ಪಿಎಚ್.ಡಿ. ವಿದ್ಯಾರ್ಥಿಗಳೇ ಇದ್ದ ಆ ಸಮೀಕ್ಷೆಯಲ್ಲಿ ಶೇ. 41ರಷ್ಟು ಜನರಲ್ಲಿ ಮಧ್ಯಮದಿಂದ ತೀವ್ರ ಮಟ್ಟದ ಆತಂಕ, ಶೇ. 39ರಷ್ಟು ಜನರಲ್ಲಿ ಅದೇ ಮಟ್ಟದ ಖಿನ್ನತೆ ಕಂಡುಬಂದಿತ್ತು. ತಾವಾಗಿಯೇ ಮುಂದೆ ಬಂದು ಉತ್ತರಿಸಿದವರ ಲೆಕ್ಕವದು, ಆದ್ದರಿಂದ ಅದನ್ನು ಎಲ್ಲರಿಗೂ ಹಾಗೆಯೇ ಅನ್ವಯಿಸಲಾಗದು. ಆದರೂ ಅದನ್ನು ಓದಿದ ದಿನ ನನ್ನ ಪಕ್ಕದ ಬೆಂಚಿನಲ್ಲಿ ಮೌನವಾಗಿ ಪಿಪೆಟ್ ಹಿಡಿದು ಕೂರುವವರ ಬಗ್ಗೆ ಮೊದಲ ಬಾರಿಗೆ ಯೋಚಿಸಿದೆ.

ಕೇಂದ್ರದ ನಿಜವಾದ ಶಕ್ತಿ ಬರವಣಿಗೆ ಕೂಟ. ಮಂಗಳವಾರ ಬೆಳಿಗ್ಗೆ ಒಂದು ಉದ್ದನೆಯ ಮೇಜಿನ ಸುತ್ತ ಕೂರುತ್ತೇವೆ. ಈ ಹೊತ್ತು ಏನು ಬರೆಯುತ್ತೇನೆ ಎಂದು ಪ್ರತಿಯೊಬ್ಬರೂ ಒಂದೇ ವಾಕ್ಯದಲ್ಲಿ ಹೇಳಬೇಕು. "ಎರಡನೇ ಅಧ್ಯಾಯ" ಎಂದರೆ ಸಂಚಾಲಕರು ಒಪ್ಪುವುದಿಲ್ಲ. "ಎರಡನೇ ಅಧ್ಯಾಯದಲ್ಲಿ ಮಾದರಿ ಸಂಗ್ರಹದ ವಿಧಾನ" ಎನ್ನಬೇಕು. ಮೊಬೈಲ್‌ಗಳು ಡ್ರಾಯರಿಗೆ ಹೋಗುತ್ತವೆ. 25 ನಿಮಿಷ ಬರವಣಿಗೆ, 5 ನಿಮಿಷ ಬಿಡುವು. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ, ತಾನಿನ್ನೂ ವಿದ್ಯಾರ್ಥಿಯಾಗಿದ್ದಾಗ ಅಡುಗೆಮನೆಯ ಟೈಮರ್ ಇಟ್ಟುಕೊಂಡು ರೂಪಿಸಿದ ಕ್ರಮವಿದು. ಒಬ್ಬಳೇ ಕೋಣೆಯಲ್ಲಿ ಕುಳಿತಾಗ ನನಗದು ಒಗ್ಗಿರಲಿಲ್ಲ. ಎದುರಿಗೆ ಇನ್ನೊಬ್ಬರು ತಲೆ ತಗ್ಗಿಸಿ ಬರೆಯುತ್ತಿರುವಾಗ ಒಗ್ಗಿತು.

ಇಲ್ಲಿ ಯಾರೂ "ನಿಮ್ಮ ಕಷ್ಟ ಹೇಳಿಕೊಳ್ಳಿ" ಎನ್ನುವುದಿಲ್ಲ. ಕೆಲಸಕ್ಕೆಂದು ಸೇರುತ್ತೇವೆ, ಆ ಐದು ನಿಮಿಷಗಳ ಬಿಡುವಿನಲ್ಲಿ ಮಾತು ತಾನಾಗಿಯೇ ಬರುತ್ತದೆ. ನಾನು ಲ್ಯಾಬಿನಲ್ಲಿ ಬೆಳೆಸುತ್ತಿದ್ದ ಬ್ಯಾಕ್ಟೀರಿಯಾ ಕಲ್ಚರ್‌ಗಳಿಗೆ ಶಿಲೀಂಧ್ರ ತಗುಲಿ ಒಂದಿಡೀ ಸರಣಿ ಪ್ರಯೋಗ ಹಾಳಾದ ವಾರ ನಾನು ಹೇಳಿದ್ದು "ಇವತ್ತು ಹೊಸದಾಗಿ ಬರೆಯಲು ಏನೂ ಇಲ್ಲ" ಎಂದಷ್ಟೇ. ಇತಿಹಾಸ ವಿಭಾಗದವರೊಬ್ಬರು, "ಹಾಗಾದರೆ ಏನು ಕೆಟ್ಟಿತು ಅಂತಲೇ ಬರೆಯಿರಿ, ನಾನು ಓದುತ್ತೇನೆ" ಎಂದರು. ನಿಜವಾಗಿಯೂ ಓದಿದರು, ಗೊತ್ತಾಗದ ಕಡೆಯೆಲ್ಲ ಪ್ರಶ್ನೆ ಹಾಕಿದರು. ಆ ಪುಟಗಳೇ ಮುಂದೆ ನನ್ನ ವಿಧಾನ ಅಧ್ಯಾಯದಲ್ಲಿ ಪ್ರಯೋಗದ ಮಿತಿಗಳನ್ನು ಹೇಳುವ ಭಾಗವಾದವು.

ಬೇರೆ ಬೇರೆ ವಿಭಾಗದವರು ಒಟ್ಟಿಗೆ ಇರುವುದರಿಂದಲೇ ಇದು ಸಾಧ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ಲ್ಯಾಬಿನವರು ಎಷ್ಟೇ ಆತ್ಮೀಯರಾದರೂ ಅದೇ ಗೈಡ್, ಅದೇ ಉಪಕರಣ, ಪ್ರಬಂಧದಲ್ಲಿ ಯಾರ ಹೆಸರು ಮೊದಲು ಎಂಬ ಅದೇ ಪ್ರಶ್ನೆ ನಡುವೆ ಇರುತ್ತದೆ. ಗೈಡ್ ಬಗ್ಗೆ ಆಡಿದ ಮಾತು ಸಂಜೆಯೊಳಗೆ ಎಲ್ಲಿಗೆ ತಲುಪುತ್ತದೋ ಹೇಳಲಾಗದು. ಇತಿಹಾಸದವರಿಗೆ ನನ್ನ ಇನ್‌ಕ್ಯುಬೇಟರ್ ಬೇಕಾಗಿಲ್ಲ, ನನಗೆ ಅವರ ದಾಖಲೆಗಳು ಬೇಕಾಗಿಲ್ಲ. ಹಾಗಾಗಿ ಮನಸ್ಸು ಬಿಚ್ಚಬಹುದು.

ಹಿರಿಯರನ್ನು ಜೊತೆಮಾಡಿಕೊಡುವ ವ್ಯವಸ್ಥೆ ಸಾಧಾರಣ. ನನಗೆ ಸಿಕ್ಕವರು ಒಳ್ಳೆಯವರು, ಆದರೆ ತಮ್ಮದೇ ಮಹಾಪ್ರಬಂಧ ಸಲ್ಲಿಸುವ ಧಾವಂತದಲ್ಲಿದ್ದರು. ಮಹಾಪ್ರಬಂಧದ ಸಾರಾಂಶವಾದ ಸಿನಾಪ್ಸಿಸ್‌ಗೆ ಮುನ್ನ ಯಾವ ಕಚೇರಿಯ ಸಹಿ ಬೇಕು, ಕೃತಿಚೌರ್ಯ ತಪಾಸಣೆಯ ವರದಿ ಎಲ್ಲಿ ಸಿಗುತ್ತದೆ ಎಂಬಂಥ ವಿಷಯಗಳಿಗೆ ತುಂಬಾ ಉಪಯೋಗವಾಯಿತು.

ಆಪ್ತಸಮಾಲೋಚಕರ ಬಗ್ಗೆ ನನಗೆ ಗೌರವವಿದೆ. ಜೀವಕ್ಕೆ ಅಪಾಯವಿದ್ದ ಹೊರತು ಇಲ್ಲಿನ ಮಾತು ಗೈಡ್‌ಗಾಗಲಿ ವಿಭಾಗಕ್ಕಾಗಲಿ ಹೋಗುವುದಿಲ್ಲ ಎಂದು ಮೊದಲೇ ಸ್ಪಷ್ಟಪಡಿಸಿದರು, ನಂತರ ನಿದ್ದೆಯ ಬಗ್ಗೆ ಕೇಳಿದರು. "ನನಗೆ ಇಲ್ಲಿರುವ ಯೋಗ್ಯತೆಯಿಲ್ಲ, ಹೇಗೋ ಸೀಟು ಸಿಕ್ಕಿತು" ಎಂದಾಗ, ಪಾಲಿನ್ ಕ್ಲಾನ್ಸ್ ಮತ್ತು ಸುಝೇನ್ ಐಮ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು 1978ರಲ್ಲೇ ಸಾಧನೆ ಮಾಡಿದ ಮಹಿಳೆಯರಲ್ಲಿ ಇದೇ ಭಾವನೆಯನ್ನು ಗುರುತಿಸಿ ಬರೆದಿದ್ದನ್ನು ತಿಳಿಸಿದರು. ನನ್ನೊಳಗಿನ ಆ ಮಾತು ನನ್ನೊಬ್ಬಳದೇ ಅಲ್ಲವೆಂದು ತಿಳಿದದ್ದು ದೊಡ್ಡ ಸಮಾಧಾನ.

ಆದರೆ ಅವರ ಬಳಿ ಸಮಯ ಸಿಗುವುದೇ ಕಷ್ಟ. ಕಾಯುವ ಪಟ್ಟಿ ವಾರಗಟ್ಟಲೆ ಉದ್ದವಿದೆ. ಸಮಯವನ್ನೆಲ್ಲ ಪದವಿ ತರಗತಿಗಳ ವೇಳಾಪಟ್ಟಿ ನೋಡಿ ಗೊತ್ತು ಮಾಡಿದ್ದಾರೆ. ಪರೀಕ್ಷೆ ಮುಗಿದು ರಜೆ ಬಂದರೆ ಸೇವೆ ಅರ್ಧಕ್ಕಿಳಿಯುತ್ತದೆ. ನಮಗೆ ರಜೆ ಎಲ್ಲಿದೆ? ಹಾಸ್ಟೆಲ್ ಖಾಲಿಯಾದ ತಿಂಗಳುಗಳಲ್ಲೇ ಒಂಟಿತನ ಹೆಚ್ಚು ಕಾಡುವುದು. ಇದನ್ನು ಕೇಂದ್ರ ಸರಿಪಡಿಸಲೇಬೇಕು, ತುರ್ತು ಸ್ಥಿತಿಯಲ್ಲಿ ಬಂದವರನ್ನು ಅದೇ ಪಟ್ಟಿಗೆ ಸೇರಿಸುವುದನ್ನು ಮೊದಲು ನಿಲ್ಲಿಸಬೇಕು.

ಹೊಸದಾಗಿ ಸೇರಿದವರು ಬರವಣಿಗೆ ಕೂಟಕ್ಕೆ ಮೊದಲ ವರ್ಷವೇ ಬನ್ನಿ. ಬರೆಯಲು ಅಧ್ಯಾಯವೇ ಇರಬೇಕೆಂದಿಲ್ಲ, ಓದಿನ ಟಿಪ್ಪಣಿ ಸಾಕು. ಹೆಸರು ನೋಂದಾಯಿಸುವುದು ಮೊದಲ ಸಲ ಮಾತ್ರ, ಗೈಡ್ ಸಹಿ ಬೇಕಾಗಿಲ್ಲ. ಬೆಳಗಿನ ಹೊತ್ತು ಲ್ಯಾಬ್ ಬಿಟ್ಟು ಬರಲಾಗದವರಿಗಾಗಿ ಸಂಜೆಯ ಕೂಟವೊಂದನ್ನು ಕೇಳುತ್ತಿದ್ದೇವೆ. ಮನವಿ ಪತ್ರ ಬಾಗಿಲ ಪಕ್ಕದ ಮೇಜಿನ ಮೇಲಿದೆ, ಸಹಿ ಹಾಕಿ.