ಹಸಿ ಕೊಂಬೆಗೆ ಬಡಗಿಯ ಗರಗಸ ಹಿಡಿಯಬೇಡಿ

ಮಳೆಗಾಲಕ್ಕೆ ಮುಂಚೆ ತೋಟದ ಮರಗಸಿ, ಅಂದರೆ ಮರದ ಕೊಂಬೆ ಕಡಿಯುವ ಕೆಲಸ, ಮುಗಿಸುವ ಅವಸರದಲ್ಲಿರುವವರು ದಯವಿಟ್ಟು ಇದನ್ನು ಓದಿ. ಕಳೆದ ಮೇ ತಿಂಗಳಲ್ಲಿ, ಕೊಟ್ಟಿಗೆಯ ಮಾಡಿನ ಮೇಲೆ ಚಾಚಿದ್ದ ತೊಡೆಗಾತ್ರದ ಹಲಸಿನ ಕೊಂಬೆಯೊಂದನ್ನು ಇಳಿಸಲೆಂದು ಪೇಟೆಯಿಂದ ಹೊಸ ಗರಗಸ ತಂದೆ. ‘ಯಾವ ಮರಕ್ಕಾದರೂ ಆಗುತ್ತದೆ’ ಎಂದು ಅಂಗಡಿಯವರು ಹೇಳಿದರು. ನಾನೂ ಅಲಗಿನ ಹೊಳಪು ನೋಡಿದೆನೇ ಹೊರತು ಹಲ್ಲು ನೋಡಲಿಲ್ಲ. ಅದು ಒಣಗಿದ ಹಲಗೆ ಕೊಯ್ಯಲು ಬಡಗಿಗಳು ಬಳಸುವ, ಇಂಚಿಗೆ 10–12 ಸಣ್ಣ ಹಲ್ಲುಗಳಿದ್ದ ಗರಗಸ.

ಏಣಿಯ ಮೇಲೆ ನಿಂತು ಕೊಯ್ಯತೊಡಗಿದೆ. ಎರಡು ಬೆರಳಿನಷ್ಟು ಆಳಕ್ಕೆ ಹೋಗುವಷ್ಟರಲ್ಲಿ ಗರಗಸ ಕಚ್ಚಿಕೊಂಡಿತು. ಒಣಮರದ ಹೊಟ್ಟು ಪುಡಿಯಾಗಿ ಉದುರಿಹೋಗುತ್ತದೆ. ಹಸಿಮರದ ಹೊಟ್ಟಾದರೋ ನೀರು, ಹಲಸಿನ ಅಂಟು ಎರಡೂ ಸೇರಿ ನೆನೆದ ತೌಡಿನಂತೆ ಹಲ್ಲುಗಳ ಸಂದಿಗೆ ಮೆತ್ತಿಕೊಳ್ಳುತ್ತದೆ. ಸಂದಿ ತುಂಬಿದ ಮೇಲೆ ಹಲ್ಲು ಮರಕ್ಕೆ ತಾಗುವುದೇ ಇಲ್ಲ. ಹಸಿ ನಾರು ಬೇರೆ ಅಲಗನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತದೆ. ಬಲವಾಗಿ ತಳ್ಳಿದಾಗ ಅಲಗು ಬಾಗಿತು, ಜಗ್ಗಿದಾಗ ಒಮ್ಮೆಲೇ ಕಿತ್ತುಬಂದು, ಕೊಂಬೆ ಹಿಡಿದಿದ್ದ ಎಡಗೈ ಹೆಬ್ಬೆರಳಿನ ಬುಡವನ್ನು ಸೀಳಿತು. 6 ಹೊಲಿಗೆ ಬಿದ್ದವು. ಏಣಿಯಿಂದ ಬೀಳದೆ ಉಳಿದದ್ದೇ ದೊಡ್ಡದು.

ಹಸಿಮರಕ್ಕೆ ಬೇಕಾದದ್ದು ಇಂಚಿಗೆ 5–7 ದಪ್ಪ ಹಲ್ಲುಗಳಿದ್ದು, ನಡುವೆ ಆಳವಾದ ಸಂದಿಗಳಿರುವ, ತನ್ನ ಕಡೆಗೆ ಎಳೆಯುವಾಗ ಕೊಯ್ಯುವ ಬಾಗಿದ ಗರಗಸ. ಎಳೆತದಲ್ಲಿ ಅಲಗು ನೇರವಾಗಿಯೇ ನಿಲ್ಲುವುದರಿಂದ ಅದು ಮಡಚಿಕೊಳ್ಳುವ ಭಯವಿಲ್ಲ, ಮೈಭಾರ ಹಾಕಿ ತಳ್ಳುವ ಅಗತ್ಯವೂ ಇಲ್ಲ. ಅಂಗಡಿಯಲ್ಲೇ ಅಲಗನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತುದಿಯಿಂದ ನೋಡಿ: ಹಲ್ಲುಗಳು ಒಂದು ಬಿಟ್ಟು ಒಂದು ಎಡಕ್ಕೂ ಬಲಕ್ಕೂ ಚೆನ್ನಾಗಿ ಬಾಗಿರಬೇಕು, ಇಲ್ಲವೇ ಅಲಗು ಹಲ್ಲಿನ ಕಡೆಗಿಂತ ಬೆನ್ನಿನ ಕಡೆ ತೆಳುವಾಗಿರಬೇಕು. ಹಾಗಿದ್ದರೆ ಮಾತ್ರ ಕೊಯ್ದ ಸೀಳಿನಲ್ಲಿ ಅದು ಸಲೀಸಾಗಿ ಓಡಾಡುತ್ತದೆ. ಹಲ್ಲಿನ ತುದಿ ಮಾತ್ರ ನೀಲಿಗಪ್ಪಾಗಿದ್ದರೆ ಅದನ್ನು ಬಿಸಿ ಕೊಟ್ಟು ಗಡುಸು ಮಾಡಿರುತ್ತಾರೆ. ಅದಕ್ಕೆ ಹಲ್ಲು ಮಸೆಯುವ ಅರ ಹಿಡಿಯುವುದಿಲ್ಲ, ಮೊಂಡಾದ ಮೇಲೆ ಅಲಗನ್ನೇ ಬದಲಿಸಬೇಕಾಗುತ್ತದೆ. ಉದ್ದವೂ ಮುಖ್ಯ: ಕೊಂಬೆಯ ದಪ್ಪದ ಎರಡರಷ್ಟಾದರೂ ಅಲಗು ಇರಲಿ.

ನಾನು ಅರ್ಧಕ್ಕೆ ಬಿಟ್ಟ ಕೊಂಬೆಯನ್ನು ಹದಿನೈದು ದಿನಗಳ ನಂತರ ಮರಗಸಿಯಲ್ಲಿ ಪಳಗಿದವರೊಬ್ಬರು ಇಳಿಸಿಕೊಟ್ಟರು. ಅವರು ಮೊದಲು ಹಗ್ಗ ಕಟ್ಟಿ, ಸಿಪ್ಪೆ ಕಾಂಡದವರೆಗೆ ಸುಲಿದುಹೋಗದಂತೆ ಅಡಿಯಿಂದ ಕಾಲುಭಾಗ ಕೊಯ್ದು, ಆಮೇಲೆ ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕೊಯ್ದರು. ನಡುನಡುವೆ ಬಟ್ಟೆಗೆ ಕೊಬ್ಬರಿ ಎಣ್ಣೆ ಹಚ್ಚಿ ಅಲಗಿನ ಅಂಟು ಒರೆಸುತ್ತಿದ್ದರು. ಕೊಟ್ಟಿಗೆಯ ಒಂದು ಹೆಂಚೂ ಒಡೆಯಲಿಲ್ಲ.