ನೆರಳಿನ ಲೆಕ್ಕದಲ್ಲಿ ನಮ್ಮ ಬಡಾವಣೆಯ ಉದ್ಯಾನಗಳು

ನಗರದ ಅಂಚಿನ ಈ ಬಡಾವಣೆಗೆ ನಾವು ಬಂದು ಆರು ವರ್ಷಗಳಾದವು. ಇಲ್ಲಿರುವ ಹಸಿರು ತಾಣಗಳು ಮೂರು: ಮುಖ್ಯರಸ್ತೆಗೆ ಹೊಂದಿಕೊಂಡ ದೊಡ್ಡ ಉದ್ಯಾನ, ಮನೆಗಳ ಸಾಲಿನ ನಡುವೆ ಉಳಿದಿರುವ ಸಣ್ಣ ಉದ್ಯಾನ ಮತ್ತು ಮಳೆನೀರಿನ ಕಾಲುವೆಯ ಉದ್ದಕ್ಕೂ ಇರುವ ಕಿರಿದಾದ ಹಸಿರು ಪಟ್ಟಿ. ಮೂರನ್ನೂ ಬೆಳಗ್ಗೆ, ನಡುಹಗಲು ಮತ್ತು ಸಂಜೆ ಬಳಸಿ ನೋಡಿದ ಅನುಭವದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹೊಸದಾಗಿ ಮನೆ ಹುಡುಕುವವರು ಸಾಮಾನ್ಯವಾಗಿ ಸಂಜೆಯ ತಂಪಿನಲ್ಲಿ ಬಂದು ಉದ್ಯಾನವನ್ನು ನೋಡಿ ಮೆಚ್ಚಿಕೊಂಡು ಹೋಗುತ್ತಾರೆ. ಅವರು ಒಮ್ಮೆ ನಡುಹಗಲಿನಲ್ಲಿಯೂ ಬಂದು ನೋಡಬೇಕೆಂಬುದು ನನ್ನ ಕೋರಿಕೆ.

ದೊಡ್ಡ ಉದ್ಯಾನದ ಮೊದಲ ನೋಟ ನಿಜಕ್ಕೂ ಚೆನ್ನಾಗಿದೆ. ಸಮವಾಗಿ ಕತ್ತರಿಸಿದ ಹುಲ್ಲುಹಾಸು, ಸುತ್ತಲೂ ನಡಿಗೆ ಪಥ, ಮಕ್ಕಳ ಆಟದ ಅಂಗಳ, ದ್ವಾರದ ಇಕ್ಕೆಲಗಳಲ್ಲಿ ತಾಳೆ ಜಾತಿಯ ಅಲಂಕಾರದ ಗಿಡಗಳು, ಎಲ್ಲವೂ ಅಚ್ಚುಕಟ್ಟಾಗಿವೆ. ಆದರೆ ಬೆಳಗ್ಗೆ ಹತ್ತು ಗಂಟೆಯ ನಂತರ ಅಲ್ಲಿ ಕುಳಿತುಕೊಳ್ಳಲು ಒಂದು ಅಡಿ ನೆರಳೂ ಸಿಗುವುದಿಲ್ಲ. ನಾವು ಬಂದ ವರ್ಷವೇ ನೆಟ್ಟ ಸಸಿಗಳ ಕಾಂಡ ಇಂದಿಗೂ ನನ್ನ ಮಣಿಕಟ್ಟಿಗಿಂತ ದಪ್ಪವಾಗಿಲ್ಲ, ಹಲವು ಸತ್ತು ಎರಡನೆಯ ಬಾರಿ ನೆಡಲ್ಪಟ್ಟಿವೆ. ನೀರು ಹಾಕುವುದರಲ್ಲಿ ಕೊರತೆಯಿಲ್ಲ, ಮಾಲಿಯವರ ಶ್ರದ್ಧೆಯಲ್ಲಿಯೂ ಕೊರತೆಯಿಲ್ಲ.

ಕಾರಣ ತಿಳಿದದ್ದು ಕಳೆದ ವರ್ಷ, ಸಸಿ ನೆಡಲು ನಾನೂ ಕೈಜೋಡಿಸಿದ ದಿನ. ಗುದ್ದಲಿ ಒಂದು ಗೇಣು ಇಳಿಯುವಷ್ಟರಲ್ಲಿ ಇಟ್ಟಿಗೆಯ ಚೂರಿಗೂ ಗಟ್ಟಿಕಟ್ಟಿದ ಸಿಮೆಂಟಿಗೂ ತಾಗಿತು. ಬಡಾವಣೆ ಕಟ್ಟುವಾಗ ಮೇಲ್ಮಣ್ಣನ್ನು ಕೆರೆದು ತೆಗೆದು, ಭಾರದ ಯಂತ್ರಗಳನ್ನು ಓಡಾಡಿಸಿ, ಉಳಿದ ಕಸವನ್ನು ಹೂತು, ಅದರ ಮೇಲೆ ತೆಳುವಾಗಿ ಮಣ್ಣು ಹರಡಿ ಹುಲ್ಲು ಹಾಸಲಾಗಿತ್ತು. ಅಗೆದ ಗುಂಡಿಗೆ ಸಂಜೆ ನೀರು ತುಂಬಿಸಿ ಬಿಟ್ಟೆವು. ಮರುದಿನ ಬೆಳಗ್ಗೆ ಅರ್ಧದಷ್ಟು ನೀರು ಹಾಗೆಯೇ ನಿಂತಿತ್ತು. ಮರದ ನೀರು ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ 60 ಸೆಂಟಿಮೀಟರ್ ಮಣ್ಣಿನಲ್ಲಿಯೇ ಇರುತ್ತವೆ ಮತ್ತು ಅಡ್ಡಡ್ಡವಾಗಿ ಕೊಂಬೆಗಳ ಹರವನ್ನೂ ದಾಟಿ ಹೋಗುತ್ತವೆ. ಆ ಪದರದಲ್ಲಿ ಗಾಳಿ ಆಡದಿದ್ದರೆ, ನೀರು ಇಂಗದಿದ್ದರೆ, ಎಷ್ಟು ಒಳ್ಳೆಯ ಸಸಿ ತಂದು ನೆಟ್ಟರೂ ಅದು ಕುಂಡದಲ್ಲಿಟ್ಟ ಗಿಡದಂತೆ ಬದುಕಿರುತ್ತದೆಯೇ ಹೊರತು ಮರವಾಗುವುದಿಲ್ಲ. ಸಾಲದ್ದಕ್ಕೆ ಪಥದ ಪಕ್ಕದ ಗಿಡಗಳ ಬುಡದವರೆಗೂ ಇಂಟರ್‌ಲಾಕ್ ಕಲ್ಲು ಹಾಸಿದ್ದಾರೆ, ಹುಲ್ಲು ಕತ್ತರಿಸುವ ಯಂತ್ರ ತಗುಲಿ ಕೆಲವು ಕಾಂಡಗಳ ತೊಗಟೆ ಸುತ್ತಲೂ ಸುಲಿದಿದೆ. ತೊಗಟೆಯ ಒಳಪದರದ ಮೂಲಕವೇ ಎಲೆಗಳು ತಯಾರಿಸಿದ ಆಹಾರ ಬೇರಿಗೆ ಇಳಿಯಬೇಕಾದ್ದರಿಂದ ಈ ಗಾಯ ಸಣ್ಣದಲ್ಲ.

ಸಣ್ಣ ಉದ್ಯಾನಕ್ಕೆ ಹೋದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ ಹುಲ್ಲುಹಾಸಿಲ್ಲ, ಹೂವಿನ ಮಡಿಗಳಿಲ್ಲ, ಬಣ್ಣ ಮಾಸಿದ ನಾಲ್ಕು ಬೆಂಚುಗಳಿವೆ. ಆದರೆ ಮೊದಲಿನಿಂದಲೂ ಇದ್ದ ಏಳು ದೊಡ್ಡ ಮರಗಳನ್ನು ಉಳಿಸಿಕೊಳ್ಳಲು ನಿರ್ಮಾಣದ ಸಮಯದಲ್ಲಿ ಬೇಲಿ ಹಾಕಿದ್ದರಿಂದ ಆ ನೆಲದ ಮೇಲೆ ಯಂತ್ರ ಹರಿದಾಡಲಿಲ್ಲ. ಉದುರಿದ ತರಗೆಲೆಯನ್ನು ಗುಡಿಸಿ ಸುಡದೆ ಅಲ್ಲಿಯೇ ಬಿಡುತ್ತಾರೆ. ಅದು ಕೊಳೆತು ಮಣ್ಣು ಹಗುರವಾಗಿದೆ, ಕಾಲಿಟ್ಟರೆ ಮೆತ್ತಗೆ ತಗ್ಗುತ್ತದೆ. ನಡುಹಗಲಿನಲ್ಲಿಯೂ ಅಲ್ಲಿ ಒಂದಿಬ್ಬರು ವೃದ್ಧರು, ಮಗುವನ್ನು ಮಲಗಿಸಿಕೊಂಡ ತಾಯಿ, ಊಟದ ಬಿಡುವಿನಲ್ಲಿ ಬಂದ ಕೆಲಸಗಾರರು ಕುಳಿತಿರುತ್ತಾರೆ. ಮರದ ಕೆಳಗಿನ ಗಾಳಿಯ ಉಷ್ಣತೆ ಬಯಲಿಗಿಂತ ಬಹಳ ಕಡಿಮೆಯೇನೂ ಇರುವುದಿಲ್ಲ. ಬಿಸಿಲು ಮೈಗೆ ನೇರವಾಗಿ ತಾಗದಿರುವುದು ಮತ್ತು ಕಾದ ನೆಲ ನಮ್ಮತ್ತ ಬಿಸಿ ಉಗುಳದಿರುವುದು, ಇವೆರಡರಿಂದಲೇ ಆ ನೆಮ್ಮದಿ ಹೆಚ್ಚಾಗಿ ದೊರೆಯುತ್ತದೆ. ಆದ್ದರಿಂದ ಉದ್ಯಾನದಲ್ಲಿ ಎಷ್ಟು ಹಸಿರಿದೆ ಎಂಬುದಕ್ಕಿಂತ ಆ ಹಸಿರು ತಲೆಯ ಮೇಲಿದೆಯೋ ಕಾಲ ಕೆಳಗಿದೆಯೋ ಎಂಬುದನ್ನು ನಾನು ಮೊದಲು ನೋಡುತ್ತೇನೆ.

ನಗರ ಅರಣ್ಯ ತಜ್ಞ ಸೆಸಿಲ್ ಕೊನೈನೆಂಡೈಕ್ 2021ರಲ್ಲಿ ಸೂಚಿಸಿದ 3-30-300 ಎಂಬ ಅಳತೆಯನ್ನು ಇಲ್ಲಿಗೆ ಹಚ್ಚಿ ನೋಡಿದೆ: ಪ್ರತಿ ಮನೆಯಿಂದ ಮೂರು ಮರಗಳು ಕಾಣಬೇಕು, ಬಡಾವಣೆಯ ಶೇ 30ರಷ್ಟು ಭಾಗಕ್ಕೆ ಮರಗಳ ಹಂದರವಿರಬೇಕು, 300 ಮೀಟರ್ ಒಳಗೆ ಉದ್ಯಾನವಿರಬೇಕು. ಮೂರನೆಯದರಲ್ಲಿ ನಾವು ನಕ್ಷೆಯ ಮೇಲೆ ಉತ್ತೀರ್ಣರಾಗುತ್ತೇವೆ, ಮೊದಲ ಎರಡರಲ್ಲಿ ಖಂಡಿತ ಇಲ್ಲ. ನಕ್ಷೆಯ ಮೇಲೆ ಎಂದು ಹೇಳಲು ಕಾರಣವಿದೆ. ದೊಡ್ಡ ಉದ್ಯಾನದ ಹಿಂಬದಿಯ ಗೇಟಿಗೆ ವರ್ಷವಿಡೀ ಬೀಗ ಬಿದ್ದಿರುತ್ತದೆ. ಗೋಡೆಗೆ ಅಂಟಿಕೊಂಡ ಮನೆಗಳವರೂ ಮುಖ್ಯರಸ್ತೆಯನ್ನು ಬಳಸಿಕೊಂಡು ಅರ್ಧ ಕಿಲೋಮೀಟರಿಗೂ ಹೆಚ್ಚು ನಡೆಯಬೇಕು, ಅದರಲ್ಲಿ ವಾಹನಗಳು ವೇಗವಾಗಿ ಸಾಗುವ ಒಂದು ತಿರುವೂ ಇದೆ. ಕೋಲೂರಿ ನಡೆಯುವವರಿಗೆ ಉದ್ಯಾನ ಇದ್ದೂ ಇಲ್ಲದಂತೆಯೇ.

ಆಟದ ಅಂಗಳಕ್ಕೆ ಹಾಸಿರುವ ಕಪ್ಪು ರಬ್ಬರ್ ಬಿದ್ದ ಮಕ್ಕಳನ್ನು ಕಾಪಾಡುತ್ತದೆ ನಿಜ, ಆದರೆ ಬಿಸಿಲಿಗೆ ಬರಿಗಾಲು ಇಡಲಾಗದಷ್ಟು ಕಾಯುತ್ತದೆ. ಲೋಹದ ಜಾರುಬಂಡಿಯದ್ದೂ ಅದೇ ಕಥೆ. ಬೆಂಚುಗಳಿಗೆ ಒರಗು ಇದೆ, ಕೈಹಿಡಿ ಇಲ್ಲ. ಮಂಡಿನೋವಿರುವವರಿಗೆ ಕುಳಿತಲ್ಲಿಂದ ಏಳಲು ಬೇಕಾಗುವುದು ಕೈಹಿಡಿಯೇ. ದೀಪಗಳು ಸಾಕಷ್ಟಿವೆ. ಶೌಚಾಲಯ ಇದೆ, ಸ್ವಚ್ಛವಾಗಿಯೂ ಇದೆ.

ಕಾಲುವೆಯ ಗುಂಟ ಇರುವ ಪಟ್ಟಿಯನ್ನು ಉದ್ಯಾನವೆಂದು ಯಾರೂ ಕರೆಯುವುದಿಲ್ಲ, ಆದರೂ ಅದರ ಬಗ್ಗೆ ನನಗೆ ಹೆಚ್ಚಿನ ಆಸೆಯಿದೆ. ಒಂದು ಹೆಕ್ಟೇರ್ ನೆಲದ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಒಂದು ಲಕ್ಷ ಲೀಟರ್ ನೀರಾಗುತ್ತದೆ. ದೊಡ್ಡ ಉದ್ಯಾನದ ಗಟ್ಟಿ ನೆಲದಿಂದ ಆ ನೀರಿನಲ್ಲಿ ಬಹುಪಾಲು ರಸ್ತೆಗೆ ಹರಿದು ಬರುವುದನ್ನು ಪ್ರತಿ ಮಳೆಯಲ್ಲಿಯೂ ನೋಡುತ್ತೇವೆ. ಕಾಲುವೆಯ ಪಟ್ಟಿಯಲ್ಲಿ ಎತ್ತರದ ಕಾಡುಹುಲ್ಲು ಬೆಳೆದಿರುವುದರಿಂದ ನೀರು ನಿಧಾನವಾಗಿ ಇಂಗುತ್ತದೆ, ಚಿಟ್ಟೆಗಳೂ ಹಕ್ಕಿಗಳೂ ಅಲ್ಲಿಯೇ ಹೆಚ್ಚು. ಅದನ್ನು ಕೆತ್ತಿ ಹುಲ್ಲುಹಾಸು ಮಾಡುವ ಪ್ರಸ್ತಾಪ ಬಂದಾಗ ನಾನು ವಿರೋಧಿಸಿದೆ, ಈಗಲೂ ವಿರೋಧಿಸುತ್ತೇನೆ. ಒಂದು ಮೀಟರ್ ಅಗಲದ ಕಾಲುದಾರಿ ಮಾತ್ರ ಅಲ್ಲಿಗೆ ಸಾಕು.

ಐದರಲ್ಲಿ ಅಂಕ ಕೊಡುವುದಾದರೆ ಸಣ್ಣ ಉದ್ಯಾನಕ್ಕೆ ನಾಲ್ಕು, ಕಾಲುವೆ ಪಟ್ಟಿಗೆ ಮೂರು, ದೊಡ್ಡ ಉದ್ಯಾನಕ್ಕೆ ಎರಡು. ದೊಡ್ಡದರ ಅಂಕ ಏರಲು ಹೊಸ ಕಾರಂಜಿ ಬೇಕಿಲ್ಲ. ಗಿಡಗಳ ಬುಡದ ಕಲ್ಲು ಕಿತ್ತು, ನೆಲವನ್ನು ಆಳವಾಗಿ ಸಡಿಲಿಸಿ ಗೊಬ್ಬರ ಬೆರೆಸಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿದರೆ ಮುಂದಿನ ಸಸಿಗಳಾದರೂ ಬೇರೂರುತ್ತವೆ. ಆ ಕೆಲಸಕ್ಕೆ ಕೆಲವು ವರ್ಷಗಳೇ ಹಿಡಿಯಬಹುದು. ಹಿಂಬದಿಯ ಗೇಟಿನ ಬೀಗ ತೆಗೆಯಲು ಒಂದು ದಿನ ಸಾಕು, ಅದನ್ನು ನಾಳೆಯೇ ಮಾಡಬಹುದು.