ಕಣ್ಣುರೆಪ್ಪೆ ಆಪರೇಷನ್‌ಗೆ ಒಪ್ಪುವ ಮುಂಚೆ ಕಣ್ಣಿನ ಪರೀಕ್ಷೆ ಮಾಡಿಸಿ

ಜೋತುಬಿದ್ದ ರೆಪ್ಪೆ ಸರಿ ಮಾಡಿಸಿಕೊಳ್ಳಬೇಕು ಅಂತ ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಇದಕ್ಕೆ ಬ್ಲೆಫರೋಪ್ಲಾಸ್ಟಿ ಅನ್ನುತ್ತಾರೆ. ಮೇಲಿನ ರೆಪ್ಪೆಯಲ್ಲಿ ಹೆಚ್ಚಾದ ಚರ್ಮ ಕತ್ತರಿಸುತ್ತಾರೆ, ಕೆಳಗಿನ ರೆಪ್ಪೆಯಲ್ಲಿ ಉಬ್ಬಿದ ಕೊಬ್ಬು ತೆಗೆಯುತ್ತಾರೆ. ನನಗೆ ಎರಡೂ ಮಾಡಿದರು. ಆಮೇಲಿಂದ ನನ್ನ ಬಲಗಣ್ಣು ನಿದ್ದೆಯಲ್ಲಿ ಪೂರ್ತಿ ಮುಚ್ಚುತ್ತಿಲ್ಲ.

ಮುಚ್ಚದಿದ್ದರೆ ಏನಾಗುತ್ತದೆ ಅಂತ ನನಗೂ ಮೊದಲು ಗೊತ್ತಿರಲಿಲ್ಲ. ರಾತ್ರಿಯಿಡೀ ಗಾಳಿ ತಾಗಿ ಕಣ್ಣು ಒಣಗುತ್ತದೆ. ಬೆಳಗ್ಗೆ ಎಚ್ಚರವಾದಾಗ ಮರಳು ಬಿದ್ದ ಹಾಗೆ ಉರಿ, ರೆಪ್ಪೆಯ ಒಳಭಾಗ ಗುಡ್ಡೆಗೆ ಅಂಟಿಕೊಂಡಿರುತ್ತದೆ, ತಟ್ಟನೆ ತೆರೆದರೆ ಚುರ್ ಅನ್ನುತ್ತದೆ. ಅದಕ್ಕೇ ಮೊದಲು ರೆಪ್ಪೆಯ ಸಂದಿಗೆ ಡ್ರಾಪ್ಸ್ ಬಿಟ್ಟು, ಸ್ವಲ್ಪ ಹೊತ್ತು ಹಾಗೇ ಮಲಗಿದ್ದು, ಮೆಲ್ಲಗೆ ತೆರೆಯುತ್ತೇನೆ. ಮಲಗುವ ಮುಂಚೆ ಗಟ್ಟಿ ಮುಲಾಮು ಹಾಕಿ ರೆಪ್ಪೆಗೆ ಟೇಪ್ ಅಂಟಿಸಬೇಕು. ಮುಲಾಮು ಹಾಕಿದ ಮೇಲೆ ಎಲ್ಲಾ ಮಂಜು, ಓದೋಕೆ ಆಗುವುದಿಲ್ಲ. ಹಗಲಲ್ಲಿ ಅದೇ ಕಣ್ಣು ಸುಮ್ನೆ ನೀರು ಸುರಿಸುತ್ತದೆ. ಒಣಗಿದ ಕಣ್ಣೇ ಹೀಗೆ ನೀರು ಸುರಿಸೋದು ಅಂತ ಆಮೇಲೆ ಬೇರೆ ಕಣ್ಣಿನ ಡಾಕ್ಟರ್ ಹೇಳಿದರು.

ನನಗೆ ಕೋಪ ಬರುವುದು ಎಲ್ಲಿ ಅಂದ್ರೆ, ಸ್ಕ್ರೀನ್ ನೋಡಿದರೆ ಕಣ್ಣು ಉರಿಯುತ್ತದೆ, ಡ್ರಾಪ್ಸ್ ಹಾಕುತ್ತೇನೆ ಅಂತ ನಾನು ಆಪರೇಷನ್‌ಗೂ ಮುಂಚೆ ಫಾರ್ಮ್‌ನಲ್ಲಿ ಬರೆದುಕೊಟ್ಟಿದ್ದೆ. ಯಾರೂ ಅದರ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನನ್ನ ಜೊತೆ ಮಾತಾಡಿದ್ದೆಲ್ಲಾ ಫೋಟೋ ತೋರಿಸುವ ಕೌನ್ಸೆಲರ್. ಸರ್ಜನ್ ಮುಖ ನೋಡಿದ್ದು ಆಪರೇಷನ್ ದಿನವೇ, ಅದೂ ಪೆನ್ನಿನಲ್ಲಿ ರೆಪ್ಪೆ ಮೇಲೆ ಗೆರೆ ಎಳೆಯುವಾಗ.

ಷಿರ್ಮರ್ ಅಂತ ಒಂದು ಸುಲಭದ ಪರೀಕ್ಷೆ ಇದೆ. ಕೆಳಗಿನ ರೆಪ್ಪೆಯ ಅಂಚಿಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ, ಎಷ್ಟು ಮಿಲಿಮೀಟರ್ ಒದ್ದೆಯಾಯಿತು ಅಂತ ನೋಡುತ್ತಾರೆ. 5ಕ್ಕಿಂತ ಕಡಿಮೆ ಬಂದರೆ ಕಣ್ಣೀರು ಸಾಲದು ಅಂತ. ಕಣ್ಣು ಮುಚ್ಚುವಾಗ ಗುಡ್ಡೆ ಮೇಲಕ್ಕೆ ಹೊರಳುತ್ತದಾ ಅಂತಲೂ ನೋಡಬೇಕು, ಯಾಕಂದ್ರೆ ರೆಪ್ಪೆ ಪೂರ್ತಿ ಮುಚ್ಚದಿದ್ದರೂ ಕಾರ್ನಿಯಾ, ಅಂದ್ರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಉಳಿಯುವುದು ಅದರಿಂದಲೇ. ಹುಬ್ಬಿನ ಕೆಳಗಿಂದ ರೆಪ್ಪೆಗೂದಲಿನವರೆಗೆ ಸುಮಾರು 20 ಮಿಲಿಮೀಟರ್ ಚರ್ಮ ಉಳಿಯಬೇಕು ಅನ್ನುವ ಲೆಕ್ಕ ಇದೆ, ಅದನ್ನು ಅಳೆದೇ ಕತ್ತರಿಸಬೇಕು. ಥೈರಾಯ್ಡ್ ತೊಂದರೆ ಇದ್ದವರು, ಲೇಸಿಕ್ (ಕನ್ನಡಕ ಬಿಡಿಸೋಕೆ ಮಾಡುವ ಲೇಸರ್ ಆಪರೇಷನ್) ಮಾಡಿಸಿಕೊಂಡವರು ಅದನ್ನು ಸರ್ಜನ್‌ಗೇ ನೇರವಾಗಿ ಹೇಳಿ.

ರೆಪ್ಪೆ ಎತ್ತುವ ಸ್ನಾಯುವೇ ಸಡಿಲವಾಗಿದ್ದರೆ ಅದು ಟೋಸಿಸ್, ಅದರ ಆಪರೇಷನ್ನೇ ಬೇರೆ. ಹುಬ್ಬು ಇಳಿದಿದ್ದರೆ, ಚರ್ಮದ ಬಣ್ಣದಿಂದ ಕಣ್ಣಿನ ಸುತ್ತ ಕಪ್ಪಾಗಿದ್ದರೆ ಬ್ಲೆಫರೋಪ್ಲಾಸ್ಟಿಯಿಂದ ಸರಿಹೋಗುವುದಿಲ್ಲ.

ಎರಡು ದಿನದಲ್ಲಿ ಕೆಲಸಕ್ಕೆ ಹೋಗಬಹುದು ಅಂದಿದ್ದರು. ಹೋಗೋಕೆ ಆಗಲಿಲ್ಲ. ಹೊಲಿಗೆ ಬಿಚ್ಚುವುದೇ ಸಾಮಾನ್ಯವಾಗಿ 5ರಿಂದ 7 ದಿನಕ್ಕೆ. ಊತ, ನೀಲಿಗಟ್ಟುವುದು ಇಳಿಯೋಕೆ ಒಂದೆರಡು ವಾರ ಬೇಕು, ಗಾಯದ ಗೆರೆ ತಿಂಗಳುಗಟ್ಟಲೆ ಕೆಂಪಗಿರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ, ಆಸ್ಪಿರಿನ್ ತಗೊಳ್ಳುವವರು ಅದನ್ನು ನಿಲ್ಲಿಸಬೇಕಾ ಬೇಡವಾ ಅಂತ ಕೊಟ್ಟ ಡಾಕ್ಟರನ್ನೇ ಕೇಳಿ, ನೀವೇ ನಿಲ್ಲಿಸಬೇಡಿ.

ಇದೊಂದನ್ನು ಮಾತ್ರ ಮನೆಯವರಿಗೂ ಹೇಳಿಡಿ. ಆಪರೇಷನ್ ಆದ ಮೇಲೆ, ಅದರಲ್ಲೂ ಮೊದಲ 24 ಗಂಟೆಯಲ್ಲಿ, ಒಂದು ಕಣ್ಣಲ್ಲಿ ತಡೆಯಲಾರದ ನೋವು ಬಂದರೆ, ಗುಡ್ಡೆ ಮುಂದಕ್ಕೆ ಉಬ್ಬಿದರೆ, ದೃಷ್ಟಿ ಮಸುಕಾದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಎಮರ್ಜೆನ್ಸಿಗೆ ಓಡಿ. ಗುಡ್ಡೆಯ ಹಿಂದೆ ರಕ್ತ ತುಂಬಿಕೊಂಡು ನರ ಒತ್ತಿದರೆ ಕಣ್ಣೇ ಹೋಗಬಹುದು. ಇದು ತುಂಬಾ ಅಪರೂಪ, ನಿಜ. ಆದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು ಅಂತ ನನಗೆ ಒಂದು ನಂಬರ್ ಕೂಡ ಕೊಟ್ಟಿರಲಿಲ್ಲ. ಆ ನಂಬರ್ ಕೈಗೆ ಬರದೆ ದುಡ್ಡು ಕಟ್ಟಬೇಡಿ.

ಈಗಾಗಲೇ ಮಾಡಿಸಿಕೊಂಡು ಕಣ್ಣು ಮುಚ್ಚದೆ ಕಷ್ಟಪಡುತ್ತಿದ್ದೀರಾ? ಊತ ಇರುವಷ್ಟು ದಿನ ಸ್ವಲ್ಪ ಹಾಗಾಗುವುದು ಮಾಮೂಲು, ಬಹಳಷ್ಟು ಜನರಿಗೆ ತಾನಾಗಿಯೇ ಸರಿಹೋಗುತ್ತದೆ. ಆದರೆ ಉರಿ ಜಾಸ್ತಿಯಾಗಿ ಬೆಳಕು ನೋಡೋಕೆ ಆಗದಿದ್ದರೆ, ಕಣ್ಣಿನ ಪ್ಲಾಸ್ಟಿಕ್ ಸರ್ಜರಿ ಕಲಿತ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ, ಕಾರ್ನಿಯಾದಲ್ಲಿ ಗಾಯವಾಗಿದೆಯಾ ಅಂತ ಬಣ್ಣದ ಡ್ರಾಪ್ಸ್ ಹಾಕಿಸಿ ನೋಡಿಸಿ. ನನಗೆ ಆಪರೇಷನ್ ಮಾಡಿದ ಕಡೆ ಪ್ರತಿ ಸಲ "ಊತ ಇಳಿಯಲಿ" ಅಂತಲೇ ಕಳಿಸುತ್ತಿದ್ದರು. ಬೇರೆ ಕಡೆ ತೋರಿಸಿದ ದಿನವೇ ಗಾಯ ಕಂಡಿತು. ಈಗ ಕಿವಿಯ ಹಿಂದಿನ ಚರ್ಮ ತೆಗೆದು ರೆಪ್ಪೆಗೆ ಕಸಿ ಮಾಡಬೇಕಾಗಬಹುದು ಅನ್ನುತ್ತಿದ್ದಾರೆ.